ಮಲಗಿಸಿ ಇಡುವ ಚಿಕಿತ್ಸೆ

ನಿಮೋನಿಯಾ ವಾಸಿಯಾಗಿದೆ, ಆದರೆ ಅಜ್ಜಿಗೆ ಎದ್ದು ನಿಲ್ಲಲಾಗುತ್ತಿಲ್ಲ. ಹಿರಿಯರನ್ನು ಸಂಡೂರಿನಿಂದ ಬಳ್ಳಾರಿಯ ವಿಮ್ಸ್ ಆಸ್ಪತ್ರೆಗೋ ಹೊಸಪೇಟೆಗೋ ಕರೆದೊಯ್ದು ದಾಖಲಿಸಿದ ಎಷ್ಟೋ ಮನೆಗಳಿಗೆ ಇದು ಗೊತ್ತು: ಹೋಗುವಾಗ ಒಂದು ಕಾಯಿಲೆ, ಬರುವಾಗ ಬೇರೆ ಮೂರು. ‘ವಯಸ್ಸಾಯಿತಲ್ಲ’ ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಈ ಸಮಾಧಾನವನ್ನು ನಾನು ಒಪ್ಪಲಾರೆ. ದೋಷದ ದೊಡ್ಡ ಪಾಲು ಇರುವುದು ಹಿರಿಯರನ್ನು ಮಂಚದ ಮೇಲೆಯೇ ಉಳಿಸುವ ನಮ್ಮ ವಾರ್ಡಿನ ಪದ್ಧತಿಯಲ್ಲಿ.

2007ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪುಟ್ಟ ಅಧ್ಯಯನವೊಂದರಲ್ಲಿ ಆರೋಗ್ಯವಂತ ಹಿರಿಯರನ್ನು 10 ದಿನ ಮಲಗಿಸಿಟ್ಟಾಗ ಕಾಲುಗಳಿಂದಲೇ ಸುಮಾರು 1 ಕಿಲೋ ಮಾಂಸಖಂಡ ಕರಗಿತ್ತು. ಅವರಿಗೆ ಜ್ವರವಿರಲಿಲ್ಲ, ಸೋಂಕಿರಲಿಲ್ಲ. ಗಣಿಯಲ್ಲಿ, ಹೊಲದಲ್ಲಿ ದುಡಿದು ಸವೆದ, ಅರೆಹೊಟ್ಟೆಯಲ್ಲಿ ಬಂದ ದೇಹ ಎಷ್ಟು ಕಳೆದುಕೊಂಡೀತು! ಉಳಿದದ್ದೆಲ್ಲ ಇದರ ಬೆನ್ನಿಗೇ ಬರುತ್ತದೆ. ಶೌಚಾಲಯ ದೂರ, ಕರೆದೊಯ್ಯುವವರಿಲ್ಲ ಎಂದು ಮೂತ್ರಕ್ಕೆ ಪೈಪು ಹಾಕುತ್ತಾರೆ. ಪೈಪು ಉಳಿದಷ್ಟು ದಿನವೂ ಸೋಂಕಿನ ಅಪಾಯ ಏರುತ್ತದೆ, ರೋಗಿ ಮಂಚಕ್ಕೆ ಇನ್ನಷ್ಟು ಅಂಟಿಕೊಳ್ಳುತ್ತಾರೆ. ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಮಲಗಿದಲ್ಲೇ ಗಂಜಿ ಕುಡಿಸಿದರೆ ಅದು ಶ್ವಾಸನಾಳಕ್ಕಿಳಿದು ಹೊಸ ನಿಮೋನಿಯಾ ತರಬಹುದು.

ರಾತ್ರಿಯ ಬಡಬಡಿಕೆಯನ್ನಂತೂ ‘ಅರಳು ಮರಳು’ ಎಂದು ತಳ್ಳಿಹಾಕುತ್ತೇವೆ. ಕನ್ನಡಕ ಚೀಲದಲ್ಲಿ, ಹಲ್ಲಿನ ಸೆಟ್ಟು ಮನೆಯಲ್ಲಿ, ಆರದ ದೀಪ, ನಿದ್ದೆಗೆ ಕೊಟ್ಟ ಮಾತ್ರೆ: ಇಷ್ಟು ಸಾಕು, ವೃದ್ಧ ಮೆದುಳು ದಿಕ್ಕು ತಪ್ಪಲು. ವೈದ್ಯೆ ಶ್ಯಾರನ್ ಇನೌಯೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ನಡೆಸಿ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 70 ದಾಟಿದ 852 ರೋಗಿಗಳಿದ್ದರು. ನಡೆಸುವುದು, ನೀರು ಕುಡಿಸುವುದು, ನಿದ್ದೆ ಕಾಯುವುದು, ದಿನ ವಾರ ನೆನಪಿಸುತ್ತ ಮಾತಾಡಿಸುವುದು, ಕನ್ನಡಕ ಕೊಡುವುದು, ಇವೇ ಅಲ್ಲಿನ ಮದ್ದು. ಸಾಮಾನ್ಯ ಆರೈಕೆಯಲ್ಲಿ ಶೇ 15ರಷ್ಟು ಮಂದಿಗೆ ಬಂದ ಈ ಗೊಂದಲ, ಆ ಗುಂಪಿನಲ್ಲಿ ಶೇ 9.9ಕ್ಕೆ ಇಳಿಯಿತು. ಒಮ್ಮೆ ಶುರುವಾದ ಮೇಲೆ ಮಾತ್ರ ಅದರ ತೀವ್ರತೆ ತಗ್ಗಲಿಲ್ಲ. ಹಾಗಾಗಿ ಮೊದಲ ದಿನವೇ ಮುಖ್ಯ.

ಅಲ್ಲಿ ಈ ಕೆಲಸಕ್ಕೆ ಸ್ವಯಂಸೇವಕರನ್ನು ತರಬೇತಿಗೊಳಿಸಬೇಕಾಯಿತು. ನಮ್ಮಲ್ಲಿ ಮಗಳು, ಸೊಸೆ, ಮೊಮ್ಮಗ ಮಂಚದ ಪಕ್ಕದಲ್ಲೇ ಚಾಪೆ ಹಾಸಿರುತ್ತಾರೆ. ಅವರನ್ನು ಗದ್ದಲವೆಂದು ಗದರಿ ಹೊರಗೆ ಕಳಿಸುವುದು ಸಿಕ್ಕ ಕೈಗಳನ್ನು ಕಳೆದುಕೊಂಡಂತೆ. ಅವರಿಗೂ ಕಲಿಸಬೇಕಾದದ್ದಿದೆ. ‘ಏಳಬ್ಯಾಡ, ಸುಮ್ಮನ ಮಲಗು’ ಎನ್ನುವುದು ಪ್ರೀತಿಯೇ, ಆದರೆ ಕೇಡು ಮಾಡುವ ಪ್ರೀತಿ.

2010–11ರಲ್ಲಿ ಆರಂಭವಾದ ರಾಷ್ಟ್ರೀಯ ವೃದ್ಧರ ಆರೋಗ್ಯ ಕಾರ್ಯಕ್ರಮ ಜಿಲ್ಲಾಸ್ಪತ್ರೆಗೆ 10 ಹಾಸಿಗೆಗಳ ವಾರ್ಡ್, ಫಿಸಿಯೊಥೆರಪಿ ಎಂದೆಲ್ಲ ಹೇಳಿದೆ. ಒಳ್ಳೆಯದೇ, ಆದರೆ ಬಹುಪಾಲು ಹಿರಿಯರು ಮಲಗುವುದು ಸಾಮಾನ್ಯ ವಾರ್ಡಿನಲ್ಲಿ. ಅಲ್ಲಿನ ಕೇಸ್ ಶೀಟಿನಲ್ಲಿ ಬಿಪಿ, ಜ್ವರದ ಪಕ್ಕ ‘ಇಂದು ನಡೆದರೇ, ಪೈಪು ಇನ್ನೂ ಬೇಕೇ’ ಎಂಬ ಎರಡು ಕಾಲಂ ಬೇಕು. ಸಂಡೂರಿಗೆ ಹಣದ ನೆಪ ಹೇಳಲಾಗದು. ಗಣಿಬಾಧಿತ ಪ್ರದೇಶಗಳ ಜಿಲ್ಲಾ ಖನಿಜ ನಿಧಿಯಲ್ಲಿ ಕನಿಷ್ಠ ಶೇ 60ರಷ್ಟನ್ನು ಆದ್ಯತೆಯ ಕೆಲಸಗಳಿಗೆ ಮೀಸಲಿಡಬೇಕೆಂದು 2015ರ ಮಾರ್ಗಸೂಚಿ ಹೇಳಿತು. ಆ ಪಟ್ಟಿಯಲ್ಲಿ ಆರೋಗ್ಯವೂ ವೃದ್ಧರ ಕ್ಷೇಮವೂ ಹೆಸರಿಟ್ಟು ಸೇರಿವೆ. ತಾಲ್ಲೂಕು ಆಸ್ಪತ್ರೆಯ ವಾರ್ಡಿಗೆ ಹಿರಿಯರನ್ನು ಹಗಲಿಗೆ ಮೂರು ಸಲ ಎಬ್ಬಿಸಿ ನಡೆಸುವ ಸಹಾಯಕರ ಸಂಬಳ ಅದರಿಂದಲೇ ಬರಲಿ.