ಹಳೆಯ ಥಿಂಕ್‌ಪ್ಯಾಡಿನಲ್ಲಿ ಮೋಹನ ರಾಗ

ನನ್ನ ಮೇಜಿನ ಮೇಲಿರುವ ಥಿಂಕ್‌ಪ್ಯಾಡ್ ಟಿ430 ಮಾರುಕಟ್ಟೆಗೆ ಬಂದದ್ದು 2012ರಲ್ಲಿ. ಬೆಂಗಳೂರಿನ ಎಸ್.ಪಿ. ರೋಡಿನ ಕಿರಿದಾದ ಅಂಗಡಿಯೊಂದರಲ್ಲಿ ಸಿಕ್ಕಾಗ ಮೂಲೆಗಳು ಸವೆದಿದ್ದವು, ಕೀಲಿಗಳ ಮೇಲಿನ ಅಕ್ಷರ ಅರ್ಧ ಅಳಿಸಿತ್ತು. ಈಗ ಮನೆಯ ಹಾರ್ಮೋನಿಯಂ ಮೇಲಿರುವಷ್ಟೇ ಅಕ್ಕರೆ ಅದರ ಮೇಲೂ.

ಮನೆಯಲ್ಲಿ ಹಾಡು ಮುದ್ರಿಸಲು ಹೊಸ ಕಂಪ್ಯೂಟರೇ ಬೇಕಿಲ್ಲ. ಸೆಕೆಂಡಿಗೆ 44,100 ಸ್ಯಾಂಪಲ್, 24 ಬಿಟ್‌ನಲ್ಲಿ ಒಂದು ಮೋನೋ ಟ್ರ್ಯಾಕ್ ನಿಮಿಷಕ್ಕೆ ಸುಮಾರು 8 ಎಂಬಿ ಜಾಗ ತಿನ್ನುತ್ತದೆ, ಅಷ್ಟೇ. ಹಾಡು, ಪಿಟೀಲು, ಮೃದಂಗ, ತಂಬೂರಿಯ ಟ್ರ್ಯಾಕುಗಳಿಗೆ ಈ ಥಿಂಕ್‌ಪ್ಯಾಡಿನ ಮೂರನೇ ತಲೆಮಾರಿನ ಐ5 ಪ್ರೊಸೆಸರ್ ಧಾರಾಳ ಸಾಕು. ನಿಜವಾದ ಪರೀಕ್ಷೆ ಬೇರೆಯೇ ಇದೆ. ಹಾಡಿದ್ದು ಹೆಡ್‌ಫೋನಿಗೆ ತಡವಾಗಿ ಬಂದರೆ ತಾಳ ತಪ್ಪುತ್ತದೆ. ದನಿಯನ್ನು ಕ್ಷಣಹೊತ್ತು ಹಿಡಿದಿಡುವ ಬಫರನ್ನು 128 ಸ್ಯಾಂಪಲ್‌ಗೆ ಇಳಿಸಿದರೆ ಆ ಹಂತದ ತಡ 3 ಮಿಲಿಸೆಕೆಂಡಿಗೂ ಕಡಿಮೆ. ತೀರಾ ಇಳಿಸಿದರೆ ಮಾತ್ರ ದನಿಯಲ್ಲಿ ಚಟಪಟ ಸದ್ದು.

ನನಗೆ ತುಂಬ ಹಿಡಿಸಿದ್ದು ಈ ಲ್ಯಾಪ್‌ಟಾಪನ್ನು ಬಿಚ್ಚಿ ಜೋಡಿಸುವ ಸಲೀಸು. ಹಳೆಯ ಹಾರ್ಡ್ ಡಿಸ್ಕ್ ಎಳೆದು ಎಸ್‌ಎಸ್‌ಡಿ ತೂರಿಸಿದೆ, ಡಿಸ್ಕಿನ ಗುಂಯ್‌ಗುಡುವಿಕೆ ನಿಂತಿತು. ಫ್ಯಾನಿನ ಧೂಳು ಕೆಡವಿ, ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದೆ. ರ‍್ಯಾಮ್ 16 ಜಿಬಿವರೆಗೂ ಏರಿಸಬಹುದು. ಕೊಳ್ಳುವವರು ಅಂಗಡಿಯಲ್ಲೇ ಕಿವಿಗೊಟ್ಟು ಫ್ಯಾನಿನ ಸದ್ದು ಕೇಳಬೇಕು. ಒಂದೊಂದು ಯುಎಸ್‌ಬಿ ಪೋರ್ಟಿಗೂ ಪೆನ್‌ಡ್ರೈವ್ ಹಾಕಿ ನೋಡಬೇಕು, ಮೈಕ್ ಜೋಡಿಸುವ ಆಡಿಯೋ ಇಂಟರ್‌ಫೇಸ್ ಸಿಕ್ಕಿಸುವುದು ಅಲ್ಲೇ ತಾನೆ.

ನಿನ್ನೆ ರಾತ್ರಿ ಅಕ್ಕ ಮೋಹನ ರಾಗದ ಆಲಾಪನೆ ಹಾಡಿದಳು. ಪಂಚಮದಲ್ಲಿ ನಿಂತು ಉಸಿರೆಳೆದುಕೊಂಡ ಸದ್ದು ಕೂಡ ಮುದ್ರಣದಲ್ಲಿ ನಿಚ್ಚಳವಾಗಿ ಮೂಡಿದೆ.