ದ್ರವ್ಯವೇದ, ಭಾವವೇದ ಮತ್ತು ಕಾಯಿದೆಯ ಒಂದು ಪದ

ಶಿಶು ಜನಿಸಿದ 21 ದಿನಗಳೊಳಗೆ ನೋಂದಣಿಯಾಗಬೇಕೆಂಬುದು 1969ರ ಕಾಯಿದೆಯ ವಿಧಿ. ನಮೂನೆಯು ಕೇಳುವ ಸಂಗತಿಗಳಲ್ಲಿ ಲಿಂಗವೂ ಒಂದು. ಹುಟ್ಟಿನಿಂದಲೇ ದೇಹರಚನೆಯು ಗಂಡು ಅಥವಾ ಹೆಣ್ಣಿನ ಲಕ್ಷಣಕ್ಕೆ ಪೂರ್ಣವಾಗಿ ಹೊಂದದ ಶಿಶುಗಳುಂಟು. ಅಂಥವರಿಗೆ ಇಂದು ಅಂತರಲಿಂಗಿಗಳೆಂಬ ಹೆಸರು ರೂಢಿಯಲ್ಲಿದೆ. ಪೊನ್ನಂಪೇಟೆಯಂಥ ಸಣ್ಣ ಊರಿನಲ್ಲಿ ಅಂಥ ಮಗು ಹುಟ್ಟಿದರೆ ಸರಕಾರದ ನಮೂನೆ, ಶಸ್ತ್ರವೈದ್ಯರ ಸಲಹೆ, ನೆಂಟರಿಷ್ಟರ ಪ್ರಶ್ನೆ ಮೂರೂ ಮನೆಯ ಬಾಗಿಲಿಗೆ ಒಟ್ಟಿಗೇ ಬಂದು ನಿಲ್ಲುತ್ತವೆ.

2019ರ ತೃತೀಯಲಿಂಗಿ ವ್ಯಕ್ತಿಗಳ ಹಕ್ಕುಗಳ ಸಂರಕ್ಷಣಾ ಕಾಯಿದೆಯು ಅಂತರಲಿಂಗಿಗಳನ್ನು ಬೇರೆಯಾಗಿ ವ್ಯಾಖ್ಯಾನಿಸಿಯೂ ಅವರನ್ನು ತೃತೀಯಲಿಂಗಿ ಎಂಬ ಪದದೊಳಗೇ ಸೇರಿಸಿತು. ಇದು ಎರಡು ಖಾತೆಗಳ ಲೆಕ್ಕವನ್ನು ಒಂದೇ ಖಾತೆಗೆ ಬರೆದಂತಾಯಿತು. ದೇಹದ ರಚನೆ ಒಂದು ವಿಷಯ, ತನ್ನನ್ನು ತಾನು ಅರಿಯುವ ಬಗೆ ಇನ್ನೊಂದು. ಅಂತರಲಿಂಗಿಗಳಾಗಿ ಹುಟ್ಟಿದ ಅನೇಕರು ಪುರುಷರಾಗಿಯೋ ಸ್ತ್ರೀಯರಾಗಿಯೋ ಬಾಳುತ್ತಾರೆ. ಅವರಿಗೆ ಮೊದಲು ಬೇಕಾದುದು ಜಿಲ್ಲಾಧಿಕಾರಿಯ ಪ್ರಮಾಣಪತ್ರವಲ್ಲ, ತೊಟ್ಟಿಲಲ್ಲಿದ್ದಾಗ ತಮ್ಮ ಮೇಲೆ ಶಸ್ತ್ರವಾಡದಂತೆ ರಕ್ಷಣೆ. ಈ ವಿಷಯದಲ್ಲಿ ಆ ಕಾಯಿದೆ ಮೌನ ವಹಿಸಿತು.

ಇವೆರಡನ್ನು ಬೇರ್ಪಡಿಸಿ ನೋಡುವ ಕ್ರಮ ಜೈನರಿಗೆ ಹೊಸದಲ್ಲ. ಕೊಡಗಿನ ಕಿಗ್ಗಟ್ಟುನಾಡಿನ ಪೆಗ್ಗೂರನ್ನು ಬೆಳ್ಗೊಳದ ಅನಂತವೀರ್ಯಯ್ಯನಿಗೆ ದತ್ತಿಯಾಗಿ ಕೊಟ್ಟ ಶಾಸನ ಶಕವರ್ಷ 899ರದು. ಆ ಗಂಗರ ಕಾಲದಲ್ಲಿಯೇ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರವನ್ನು ರಚಿಸಿದರು. ಅದರ ಜೀವಕಾಂಡದ ವೇದಮಾರ್ಗಣೆಯಂತೆ ದೇಹದ ಲಿಂಗವಾದ ದ್ರವ್ಯವೇದ ನಾಮಕರ್ಮದ ಉದಯದಿಂದ ಬರುವುದು. ಅಂತರಂಗದ ಭಾವವೇದ ಮೋಹನೀಯದ ನೋಕಷಾಯದಿಂದ ಬರುವುದು. ಬಹುಮಟ್ಟಿಗೆ ಎರಡೂ ಹೊಂದಿಕೊಂಡಿರುತ್ತವೆ, ಕೆಲವೆಡೆ ಹೊಂದಿರುವುದಿಲ್ಲ ಎಂಬುದನ್ನೂ ಗ್ರಂಥ ಒಪ್ಪುತ್ತದೆ. ಸಾವಿರ ವರ್ಷಗಳ ಹಿಂದಿನ ಈ ವಿವೇಕ ದಿಲ್ಲಿಯ ಕರಡುಗಾರರಿಗೆ ದಕ್ಕಲಿಲ್ಲ.

ಆದರೆ ಕಾಯಿದೆಯನ್ನು ಜರೆದು ನಮ್ಮ ಸಮಾಜ ಪಾರಾಗುವಂತಿಲ್ಲ. ಅದೇ ಪ್ರಕರಣದಲ್ಲಿ ನಪುಂಸಕವೇದದ ತಾಪವನ್ನು ಇಟ್ಟಿಗೆಯ ಆವಿಗೆಯ ಬೆಂಕಿಗೆ ಹೋಲಿಸಲಾಗಿದೆ. ಅದು ರಾಗದ ತೀವ್ರತೆಯನ್ನು ಕುರಿತ ಮಾತು, ಅಂಗರಚನೆಯನ್ನು ಕುರಿತದ್ದಲ್ಲ. ಹಾಲು ಕುಡಿಯುವ ಕೂಸಿನ ಮೇಲೆ ಆ ಉಪಮೆಯನ್ನು ಹೊರಿಸುವವರು ಗ್ರಂಥವನ್ನು ಓದಿದವರಲ್ಲ. ಮುನಿದೀಕ್ಷೆಯ ವಿಷಯದಲ್ಲಿ ದಿಗಂಬರ ಪರಂಪರೆಗೆ ನಿರ್ಬಂಧಗಳಿವೆ, ಅದನ್ನು ಮರೆಮಾಚಬೇಕಾಗಿಲ್ಲ. ಶ್ರಾವಕಧರ್ಮದ ಮಾತು ಬೇರೆ. ಮನಸ್ಸುಳ್ಳ ಪಂಚೇಂದ್ರಿಯ ಪಶುವಿಗೂ ದೇಶವಿರತವೆಂಬ ಐದನೆಯ ಗುಣಸ್ಥಾನ ಸಾಧ್ಯವೆನ್ನುತ್ತದೆ ಸಿದ್ಧಾಂತ. ಹಾಗಿರುವಾಗ ಬಸದಿಯ ಟ್ರಸ್ಟೊಂದು ಮನುಷ್ಯನೊಬ್ಬನಿಗೆ ಅಣುವ್ರತವನ್ನಾಗಲಿ ಸದಸ್ಯತ್ವವನ್ನಾಗಲಿ ದೇಹರಚನೆಯ ಕಾರಣದಿಂದ ನಿರಾಕರಿಸಲು ಯಾವ ಆಧಾರವನ್ನು ತೋರಿಸಬಲ್ಲದು? ಒಂಬತ್ತನೆಯ ಗುಣಸ್ಥಾನದಲ್ಲಿ ಮೂರು ವೇದಗಳೂ ಅಳಿಯುವುವೆಂದು ಪ್ರವಚನಗಳಲ್ಲಿ ಕೇಳುವವರು ಟ್ರಸ್ಟಿನ ಸಭೆಯಲ್ಲಿ ಅದನ್ನು ಮರೆಯುವುದು ವಿಚಿತ್ರ.

ಇನ್ನು ಶಸ್ತ್ರಕ್ರಿಯೆಯ ಪ್ರಶ್ನೆ. ಇಂಥ ಕೆಲವು ಶಿಶುಗಳಲ್ಲಿ ಮೂತ್ರಪಿಂಡದ ಮೇಲಿನ ಗ್ರಂಥಿಯ ದೋಷದಿಂದ ಮೊದಲ ವಾರಗಳಲ್ಲೇ ದೇಹದ ಉಪ್ಪು ಸೋರಿ ಪ್ರಾಣಾಪಾಯ ಒದಗುವುದುಂಟು. ಅದಕ್ಕೆ ಬೇಕಾದುದು ತಡವಿಲ್ಲದ ಔಷಧ. ಮೂತ್ರಮಾರ್ಗ ಕಟ್ಟಿದ್ದರೆ ಶಸ್ತ್ರವೂ ಬೇಕಾದೀತು. ಆದರೆ ನೋಡುವವರ ಕಣ್ಣಿಗೆ ಒಪ್ಪುವಂತೆ ಮಾಡಲು ನಡೆಸುವ ಶಸ್ತ್ರಕ್ರಿಯೆ ಮಗುವಿನ ರೋಗಕ್ಕಲ್ಲ, ಹಿರಿಯರ ಅಂಜಿಕೆಗೆ ಚಿಕಿತ್ಸೆ. ಪ್ರಮಾದದಿಂದ ಜೀವಕ್ಕೆ ನೋವುಂಟುಮಾಡುವುದು ಹಿಂಸೆಯೆಂದು ಪಾಠಶಾಲೆಯ ಮಕ್ಕಳೂ ಬಲ್ಲರು. ಮದರಾಸು ಹೈಕೋರ್ಟಿನ ಮಧುರೆ ಪೀಠ 22 ಏಪ್ರಿಲ್ 2019ರಂದು ಅಂತರಲಿಂಗಿ ಶಿಶುಗಳ ಲಿಂಗಶಸ್ತ್ರಕ್ರಿಯೆಯನ್ನು ತಡೆಯುವಂತೆ ನಿರ್ದೇಶಿಸಿತು. ಅದೇ ವರ್ಷದ ಆಗಸ್ಟಿನಲ್ಲಿ ತಮಿಳುನಾಡು ಸರಕಾರ ಪ್ರಾಣಾಪಾಯದ ಸಂದರ್ಭಗಳನ್ನು ಹೊರತುಪಡಿಸಿ ಅದನ್ನು ನಿಷೇಧಿಸಿತು. ಕರ್ನಾಟಕ ಹೈಕೋರ್ಟು ಡಿಸೆಂಬರ್ 2024ರಲ್ಲಿ, ತೃತೀಯಲಿಂಗಿಯೊಬ್ಬರ ಅರ್ಜಿಯ ಮೇಲೆ, ಹಿಂದಿನ ಹಾಗೂ ಬದಲಾದ ಹೆಸರು-ಲಿಂಗಗಳೆರಡನ್ನೂ ತೋರಿಸುವ ಜನನಪತ್ರ ನೀಡುವಂತೆ ಹೇಳಿತು. ಕಾಗದದ ಮೇಲಿನ ನಮೂದನ್ನು ಮುಂದೆ ತಿದ್ದಬಹುದೆಂದಾಯಿತು. ಕೊಯ್ದ ಅಂಗಕ್ಕೆ ಆ ಅನುಕೂಲವಿಲ್ಲ.

ತಮಿಳುನಾಡಿನ ಆ ಆದೇಶ ಕೊಡಗಿಗೆ ಅನ್ವಯಿಸುವುದಿಲ್ಲ. ಇಲ್ಲಿ ಒಪ್ಪಿಗೆಪತ್ರಕ್ಕೆ ಸಹಿ ಹಾಕುವವರು ತಂದೆತಾಯಿಗಳು. ಈ ಶಸ್ತ್ರಕ್ರಿಯೆ ಈಗ ಆಗದಿದ್ದರೆ ಮಗುವಿನ ಪ್ರಾಣಕ್ಕೇನಾದರೂ ತೊಂದರೆಯಿದೆಯೇ ಎಂದು ಸಹಿಗೆ ಮುನ್ನ ವೈದ್ಯರನ್ನು ಕೇಳಬೇಕಾದವರೂ ಅವರೇ.