ದಾನವೋ, ಸಾಲವೋ, ಬಾಕಿಯೋ?

ಕಪ್ಪು ಜನರ ಸಾಹಿತ್ಯವನ್ನು ನಾವು ಕನ್ನಡದಲ್ಲಿ ಬಹುಪಾಲು ಅವಮಾನದ, ಪ್ರತಿಭಟನೆಯ ಸಾಹಿತ್ಯವಾಗಿ ಓದಿಕೊಂಡು ಬಂದಿದ್ದೇವೆ. 1972ರಲ್ಲಿ ಮುಂಬಯಿಯ ದಲಿತ ತರುಣರು ತಮ್ಮ ಸಂಘಟನೆಗೆ ಪ್ಯಾಂಥರ್ ಎಂಬ ಹೆಸರನ್ನು ಅಮೆರಿಕದಿಂದ ತಂದುಕೊಂಡ ಮೇಲೆ ಈ ನಂಟು ಇನ್ನಷ್ಟು ಗಟ್ಟಿಯಾಯಿತು. ಅದು ಸರಿಯೇ. ಆದರೆ ಆ ಸಾಹಿತ್ಯದಲ್ಲಿ ದುಡ್ಡಿನ ಮಾತೂ ಇದೆ ಎಂಬುದು ನಮ್ಮ ವಿಮರ್ಶೆಯ ಕಣ್ಣಿಗೆ ಬಿದ್ದದ್ದು ಕಡಿಮೆ. ಬಂಡವಾಳ ಎಂದಾಕ್ಷಣ ಅದನ್ನು ಶತ್ರುವಿನ ಲೆಕ್ಕಕ್ಕೆ ಬರೆದು ಮುಂದೆ ಹೋಗಿಬಿಡುತ್ತೇವೆ. ಬಂಡವಾಳವೇ ಸಿಗದವನ ಸಂಕಟವನ್ನು ಯಾವ ಲೆಕ್ಕಕ್ಕೆ ಬರೆಯಬೇಕು?

ಲೊರೇನ್ ಹ್ಯಾನ್ಸ್‌ಬರಿಯ ‘ಎ ರೈಸಿನ್ ಇನ್ ದ ಸನ್’ ನಾಟಕ 1959ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಗೆ ಬಂತು. ಕಪ್ಪು ಹೆಣ್ಣೊಬ್ಬಳು ಬರೆದ ನಾಟಕ ಅಲ್ಲಿ ಆಡಿದ್ದು ಅದೇ ಮೊದಲು. ಆಗ ಅವಳಿಗೆ 28 ವರ್ಷ. ಶಿಕಾಗೋದ ದಕ್ಷಿಣ ಭಾಗದ ಇಕ್ಕಟ್ಟಾದ ಮನೆಯೊಂದರಲ್ಲಿ ಯಂಗರ್ ಕುಟುಂಬ ಒಂದು ಚೆಕ್ಕಿಗಾಗಿ ಕಾಯುತ್ತಿದೆ. ಸತ್ತ ಅಪ್ಪನ ವಿಮೆಯ 10,000 ಡಾಲರ್. ಮಗ ವಾಲ್ಟರ್ ಸಾಹುಕಾರನೊಬ್ಬನ ಕಾರಿನ ಡ್ರೈವರ್. ಅವನಿಗೆ ಮದ್ಯದಂಗಡಿ ಹಾಕುವ ಆಸೆ. ತಾಯಿ 3,500 ಡಾಲರ್ ಮುಂಗಡ ಕೊಟ್ಟು ಬಿಳಿಯರ ಬಡಾವಣೆಯಲ್ಲಿ ಮನೆ ಹಿಡಿಯುತ್ತಾಳೆ. ಮಿಕ್ಕದ್ದನ್ನು ಮಗನ ಕೈಗಿಡುತ್ತಾಳೆ. ಅದರಲ್ಲಿ ಮಗಳ ವೈದ್ಯಕೀಯ ಓದಿನ ಪಾಲೂ ಸೇರಿದೆ. ಪಾಲುಗಾರನಾಗಿ ಬಂದವನು ಅಷ್ಟನ್ನೂ ಎತ್ತಿಕೊಂಡು ಪರಾರಿಯಾಗುತ್ತಾನೆ.

ಬಿ.ಎ. ತರಗತಿಯಲ್ಲಿ ಇದನ್ನು ಪಾಠ ಮಾಡುವಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: ‘ಸಾರ್, ಅಂವ ಬ್ಯಾಂಕಿಗ್ ಯಾಕ್ ಹೋಗ್ಲಿಲ್ಲ?’ ನಾಟಕದ ಬಗ್ಗೆ ನಾನು ಕೇಳಿದ ಪ್ರಶ್ನೆಗಳಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ವಾಲ್ಟರನ ದುಡುಕು, ಅವನ ಗಂಡಸುತನದ ಹಮ್ಮು ಇವನ್ನೆಲ್ಲ ನಾವು ಸ್ವಭಾವದ ದೋಷವೆಂದು ವಿವರಿಸುತ್ತೇವೆ. ಹುಡುಗ ಕೇಳಿದ್ದು ಸ್ವಭಾವದ ಹಿಂದಿರುವ ವ್ಯವಸ್ಥೆಯನ್ನು.

ಬ್ಯಾಂಕು ಯಾಕಿಲ್ಲ ಅಂದರೆ ಕತೆ ಹಿಂದಕ್ಕೆ ಹೋಗುತ್ತದೆ. ಗುಲಾಮಗಿರಿಯಿಂದ ಬಿಡುಗಡೆಯಾದವರ ಉಳಿತಾಯಕ್ಕೆಂದು 1865ರಲ್ಲಿ ಫ್ರೀಡ್‌ಮನ್ಸ್ ಬ್ಯಾಂಕು ಹುಟ್ಟಿತು. ಮೇಲೆ ಕೂತವರ ದುರಾಡಳಿತದಿಂದ 1874ರಲ್ಲಿ ಮುಳುಗಿತು. ಸುಮಾರು 61,000 ಜನರ ಹತ್ತಿರಹತ್ತಿರ 30 ಲಕ್ಷ ಡಾಲರ್ ಅದರೊಂದಿಗೆ ಮುಳುಗಿತು. 1921ರಲ್ಲಿ ಟಲ್ಸಾ ನಗರದ ಗ್ರೀನ್‌ವುಡ್‌ನಲ್ಲಿ ಕಪ್ಪು ಜನ ಕಟ್ಟಿಕೊಂಡಿದ್ದ ಅಂಗಡಿ, ಹೋಟೆಲು, ಮನೆಗಳ ಸಾಲನ್ನು ಬಿಳಿಯರ ಗುಂಪು ಸುಟ್ಟುಹಾಕಿತು. 1930ರ ದಶಕದಲ್ಲಿ ಸರ್ಕಾರದ ಗೃಹಸಾಲ ಸಂಸ್ಥೆಯೇ ನಗರಗಳ ನಕ್ಷೆ ಮಾಡಿಸಿ ಕಪ್ಪು ಜನರ ಕೇರಿಗಳಿಗೆ ಕೆಂಪು ಬಣ್ಣ ಬಳಿಸಿತು. ಕೆಂಪು ಎಂದರೆ ಸಾಲಕ್ಕೆ ಅಪಾಯಕರ ಜಾಗ. ಅಲ್ಲಿ ಸಣ್ಣ ವ್ಯಾಪಾರ ಶುರುವಾಗುವುದು ಬಹಳಷ್ಟು ಸಲ ಸ್ವಂತ ಮನೆಯ ಅಡಮಾನದಿಂದ, ಇಲ್ಲವೇ ಅಪ್ಪ ಮಾವಂದಿರ ಕೈಗಡದಿಂದ. ಮನೆಗೆ ಬೆಲೆಯಿಲ್ಲ, ಮಾವನ ಕೈಯಲ್ಲಿ ಕಾಸಿಲ್ಲ ಅಂದಮೇಲೆ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಮುಚ್ಚಿದಂತೆ. 2022ರಲ್ಲಿ ಅಲ್ಲಿನ ಕೇಂದ್ರೀಯ ಬ್ಯಾಂಕು ಮಾಡಿದ ಸಮೀಕ್ಷೆಯಲ್ಲಿ ಸಾಲುಗಟ್ಟಿಸಿ ನೋಡಿದರೆ ನಟ್ಟನಡುವೆ ನಿಲ್ಲುವ ಬಿಳಿಯ ಕುಟುಂಬದ ಆಸ್ತಿ 2,85,000 ಡಾಲರ್, ಕಪ್ಪು ಕುಟುಂಬದ್ದು 44,900.

ನನ್ನ ಗೆಳೆಯನೊಬ್ಬ ಹೊಲಿಗೆ ಘಟಕಕ್ಕೆ ಸಾಲ ಕೇಳಲು ಹೋದಾಗ ಬ್ಯಾಂಕೊಂದರ ಅಧಿಕಾರಿ ಯೋಜನಾ ವರದಿ ತೆರೆಯುವ ಮೊದಲು ಕೇಳಿದ್ದು: ‘ಊರಲ್ಲಿ ನಿಮ್ಮನೆ ಯಾವ ಕಡೆ ಬರುತ್ತೆ?’ ಜಾತಿ ಕೇಳಲಿಲ್ಲ, ದಿಕ್ಕು ಕೇಳಿದ ಅಷ್ಟೆ. ಆ ನಕ್ಷೆಗೆ ಕೆಂಪು ಶಾಯಿಯಾದರೂ ಬೇಕಿತ್ತು. ನಮ್ಮ ನಕ್ಷೆಗೆ ಅದೂ ಬೇಕಿಲ್ಲ.

ಈಗ ಇನ್ನೊಂದು ಬಗೆಯ ಪಠ್ಯವನ್ನು ನೋಡೋಣ. 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಪೋಲೀಸನ ಮೊಣಕಾಲಿನಡಿ ಜಾರ್ಜ್ ಫ್ಲಾಯ್ಡ್ ಸತ್ತ. ಬೀದಿ ಹೊತ್ತಿಕೊಂಡಿತು. ಮುಂದಿನ ತಿಂಗಳುಗಳಲ್ಲಿ ದೊಡ್ಡ ಕಂಪನಿಗಳು ಒಂದರ ಹಿಂದೊಂದು ಪ್ರತಿಜ್ಞೆ ಮಾಡಿದವು. ನೆಟ್‌ಫ್ಲಿಕ್ಸ್ ತನ್ನ ನಗದಿನ ನೂರಕ್ಕೆ ಎರಡು ಪಾಲನ್ನು, ಅಂದರೆ ಆರಂಭಕ್ಕೆ ಸುಮಾರು 10 ಕೋಟಿ ಡಾಲರನ್ನು, ಕಪ್ಪು ಸಮುದಾಯಕ್ಕೆ ಸಾಲ ಕೊಡುವ ಹಣಕಾಸು ಸಂಸ್ಥೆಗಳಿಗೆ ಹರಿಸುವೆನೆಂದಿತು. ಟಾರ್ಗೆಟ್ ಎಂಬ ಅಂಗಡಿ ಸರಪಳಿ 2025ರ ಕೊನೆಯೊಳಗೆ ಕಪ್ಪು ಮಾಲೀಕರ ಉದ್ದಿಮೆಗಳೊಂದಿಗೆ 200 ಕೋಟಿ ಡಾಲರಿನ ವ್ಯವಹಾರ ಮಾಡುವೆನೆಂದು 2021ರಲ್ಲಿ ಹೇಳಿತು.

ಇವನ್ನು ಸುಳ್ಳು ಎಂದು ತಳ್ಳಿಹಾಕುವುದು ಸುಲಭ, ಆದರೆ ಅದು ವಿಮರ್ಶೆಯಲ್ಲ. ಎಷ್ಟೋ ಸಣ್ಣ ಉದ್ದಿಮೆಗಳು ಆ ದುಡ್ಡಿನಿಂದ ಉಸಿರಾಡಿದವು. ನನ್ನ ತಕರಾರು ಈ ಪಠ್ಯಗಳ ವ್ಯಾಕರಣದ್ದು. ಅಲ್ಲಿ ‘ನಾವು’ ಕೊಡುವವರು, ‘ಅವರು’ ಪಡೆಯುವವರು. ‘ಅಡೆತಡೆಗಳಿವೆ’ ಎಂಬ ವಾಕ್ಯಕ್ಕೆ ಕರ್ತೃವೇ ಇರುವುದಿಲ್ಲ. ಅಡ್ಡ ಹಾಕಿದವರು ಯಾರು? ಬಾಕಿಯಾಗಿದ್ದದ್ದು ವಾಕ್ಯದ ನಡುವೆ ಎಲ್ಲೋ ದಾನವಾಗಿಬಿಡುತ್ತದೆ. ದಾನ ಕೊಟ್ಟ ಕೈಗೆ ಹಿಂತೆಗೆಯುವ ಹಕ್ಕೂ ಇರುತ್ತದೆ. 2025ರ ಜನವರಿಯಲ್ಲಿ ಅಮೆರಿಕದ ಆಡಳಿತ ಬದಲಾದ ಅದೇ ವಾರ ಟಾರ್ಗೆಟ್ ತನ್ನ ಜನಾಂಗೀಯ ಸಮಾನತೆಯ ಕಾರ್ಯಕ್ರಮವನ್ನು ಮುಗಿಸುತ್ತಿರುವುದಾಗಿ ಪ್ರಕಟಿಸಿತು. ಬಾಕಿಯನ್ನು ಹೀಗೆ ಗಾಳಿ ನೋಡಿ ನಿಲ್ಲಿಸಲಾಗುತ್ತದೆಯೇ?

ಹ್ಯಾನ್ಸ್‌ಬರಿಯ ನಾಟಕದಲ್ಲಿ ಬಿಳಿಯರ ದುಡ್ಡು ತಾನಾಗಿ ಮನೆ ಬಾಗಿಲಿಗೆ ಬರುವ ಪ್ರಸಂಗ ಒಂದೇ. ಬಡಾವಣೆಯ ಪರವಾಗಿ ಲಿಂಡ್ನರ್ ಎಂಬಾತ ಬಹಳ ವಿನಯದಿಂದ ಬಂದು, ನೀವು ನಮ್ಮ ಕಡೆ ಬರಬೇಡಿ, ಮನೆಯನ್ನು ಲಾಭಕ್ಕೇ ಕೊಂಡುಕೊಳ್ಳುತ್ತೇವೆ ಎನ್ನುತ್ತಾನೆ. ಯಂಗರ್ ಕುಟುಂಬದ ಕೈಗೆ ಅಷ್ಟು ಸಲೀಸಾಗಿ ಬರಬಹುದಾಗಿದ್ದ ದುಡ್ಡು ಅವರನ್ನು ದೂರ ಇಡುವ ದುಡ್ಡು. ಎಲ್ಲ ಕಳೆದುಕೊಂಡ ವಾಲ್ಟರ್ ಕೊನೆಗೆ ಅದನ್ನು ಬೇಡವೆನ್ನುತ್ತಾನೆ. ಕಂಪನಿಗಳ ದುಡ್ಡೆಲ್ಲ ಲಿಂಡ್ನರನ ದುಡ್ಡು ಎಂದು ನಾನು ಹೇಳುತ್ತಿಲ್ಲ. ಆದರೆ ಬಂದ ದುಡ್ಡು ನಮ್ಮನ್ನು ಒಳಗೆ ಕರೆಯುತ್ತಿದೆಯೋ, ಹೊರಗಿಡುತ್ತಿದೆಯೋ ಎಂದು ಕೇಳುವ ಕ್ರಮವನ್ನು ನಾಟಕ ಕಲಿಸಿಕೊಡುತ್ತದೆ.

ಇನ್ನೊಂದು ವೈಪರೀತ್ಯವನ್ನು ಗಮನಿಸಬೇಕು. ಅಟ್ಲಾಂಟಾದಲ್ಲಿ ಕಪ್ಪು ಹೆಂಗಸರು 2019ರಲ್ಲಿ ಕಟ್ಟಿದ ಫಿಯರ್‌ಲೆಸ್ ಫಂಡ್, ಕಪ್ಪು ಹೆಂಗಸರ ಉದ್ದಿಮೆಗಳಿಗೆ 20,000 ಡಾಲರಿನ ನೆರವು ಕೊಡುತ್ತಿತ್ತು. 2023ರ ಆಗಸ್ಟಿನಲ್ಲಿ ಇದು ಬೇರೆ ಜನಾಂಗದವರಿಗೆ ಅನ್ಯಾಯವೆಂದು ದಾವೆ ಬಿತ್ತು. ದಾವೆಗೆ ಆಧಾರವಾದದ್ದು 1866ರ ನಾಗರಿಕ ಹಕ್ಕುಗಳ ಕಾಯಿದೆ. ಬಿಡುಗಡೆಯಾದ ಗುಲಾಮರಿಗೂ ಬಿಳಿಯರಷ್ಟೇ ಕರಾರು ಮಾಡಿಕೊಳ್ಳುವ ಹಕ್ಕಿರಲಿ ಎಂದು ಮಾಡಿದ್ದ ಕಾಯಿದೆ ಅದು! 2024ರ ಜೂನಿನಲ್ಲಿ ಮೇಲ್ಮನವಿ ನ್ಯಾಯಾಲಯ ಇಬ್ಬರು ಒಬ್ಬರ ಬಹುಮತದಿಂದ ನೆರವಿಗೆ ತಡೆ ಕೊಟ್ಟಿತು. ಸೆಪ್ಟೆಂಬರಿನಲ್ಲಿ ರಾಜಿಯಾಗಿ ಆ ನೆರವು ನಿಂತೇಹೋಯಿತು. ಚರಿತ್ರೆಯನ್ನು ಅಳಿಸಿ ಓದಿದರೆ ಬೇಲಿ ಮುರಿಯಲು ಮಾಡಿದ ಕಾಯಿದೆಯೇ ಬೇಲಿಯಾಗುತ್ತದೆ. ಮೀಸಲಾತಿಯನ್ನು ‘ಜಾತೀಯತೆ’ ಎನ್ನುವ ಮೆರಿಟ್‌ವಾದಿಗಳ ಓದೂ ಇದೇ ಬಗೆಯದು.

ಇಷ್ಟು ಹೇಳಿದ ಮೇಲೆ ನಮ್ಮೊಳಗಿನ ವಾಗ್ವಾದಕ್ಕೆ ಬರಬೇಕು. ಕಪ್ಪು ಕವಿ ಅಮೀರಿ ಬರಾಕ ಮೊದಲು ಈ ನಾಟಕವನ್ನು ಮಧ್ಯಮವರ್ಗದ ಹಂಬಲವೆಂದು ಬದಿಗಿಟ್ಟಿದ್ದ. 1980ರ ದಶಕದಲ್ಲಿ ಅವನೇ ಅದನ್ನು ಮತ್ತೆ ಓದಿ, ಜನರ ನಿಜವಾದ ಹೋರಾಟ ಇದರೊಳಗಿದೆ ಎಂದು ಒಪ್ಪಿಕೊಂಡ. ನಮ್ಮಲ್ಲೂ ಎರಡು ಗುಂಪುಗಳಿವೆ. 2005ರಲ್ಲಿ ಪುಣೆಯಲ್ಲಿ ದಲಿತ ಉದ್ದಿಮೆದಾರರ ವಾಣಿಜ್ಯ ಮಂಡಳಿ ಹುಟ್ಟಿದ ಮೇಲೆ, ಮಾರುಕಟ್ಟೆಯೇ ಜಾತಿಯನ್ನು ಕರಗಿಸುತ್ತದೆ ಎನ್ನುವವರು ಒಂದು ಕಡೆ. ಅಂಗಡಿ ಹಾಕಿದ ದಲಿತನನ್ನು ಚಳವಳಿಯಿಂದ ಜಾರಿದವನೆಂದು ನೋಡುವವರು ಇನ್ನೊಂದು ಕಡೆ. ಮೊದಲಿನವರಿಗೆ ನೆನಪಿಸಬೇಕಾದದ್ದು 1938ರಲ್ಲಿ ಮನ್ಮಾಡದ ರೈಲ್ವೆ ಕಾರ್ಮಿಕರೆದುರು ಬಾಬಾಸಾಹೇಬರು ಆಡಿದ ಮಾತನ್ನು. ಬ್ರಾಹ್ಮಣಶಾಹಿ ಮತ್ತು ಬಂಡವಾಳಶಾಹಿ ಎರಡೂ ಶತ್ರುಗಳೆಂದರು ಅವರು. ಎರಡನೆಯವರಿಗೆ ಹೇಳಬೇಕಾದದ್ದು ಇಷ್ಟೆ: ಅಪ್ಪನ ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ಫೀಸು ಕಟ್ಟಿ ಓದಿದವರು ಮಾರುಕಟ್ಟೆಯನ್ನು ಬೈದಷ್ಟು ಹಗುರಾಗಿ, ಅಂಗಡಿಯೇ ಇಲ್ಲದವರು ಬೈಯಲಾಗುವುದಿಲ್ಲ. ಚಹಾದಂಗಡಿಯಲ್ಲಿ ಬೇರೆ ಲೋಟ ಇಟ್ಟಿದ್ದ ಊರಲ್ಲಿ ದಲಿತನೊಬ್ಬ ಚಹಾದಂಗಡಿ ತೆರೆಯುವುದು ಬರೀ ವ್ಯಾಪಾರವಲ್ಲ.

ಕರ್ನಾಟಕ ಸರ್ಕಾರ ಪರಿಶಿಷ್ಟ ಜಾತಿ, ಪಂಗಡದ ಗುತ್ತಿಗೆದಾರರಿಗೆ ಕಾಮಗಾರಿಗಳಲ್ಲಿ ಮೀಸಲಾತಿಯನ್ನು ಕಾಯಿದೆಯಲ್ಲೇ ಬರೆದಿದೆ. ಅದರ ಮಿತಿ 50 ಲಕ್ಷವಿದ್ದದ್ದನ್ನು 2023ರಲ್ಲಿ ಒಂದು ಕೋಟಿಗೆ ಏರಿಸಿತು. ಜಾರಿಯಲ್ಲಿ ನೂರು ಲೋಪಗಳಿರಬಹುದು. ಆದರೂ ಅದು ಕೊಟ್ಟವರ ಮರ್ಜಿಯಲ್ಲ, ನಾವು ಕೋರ್ಟಿಗೆ ಹೋಗಿ ಕೇಳಬಹುದಾದ ಮಾತು. ಅಮೆರಿಕದ ಕಂಪನಿಗಳ ಪ್ರತಿಜ್ಞೆಗೂ ಇದಕ್ಕೂ ಇರುವ ಅಂತರ ಅದು. ಯಂಗರ್ ಕುಟುಂಬಕ್ಕೆ ಬಂದ ಚೆಕ್ಕು ಒಬ್ಬ ಅಪ್ಪ ದುಡಿದು ಸತ್ತದ್ದರ ಬೆಲೆ. ಸಾಯದೆಯೂ ಬಂಡವಾಳ ಸಿಗಬೇಕು ಎಂಬುದು ಸಣ್ಣ ಬೇಡಿಕೆಯಲ್ಲ. ದಲಿತ ವಿಮರ್ಶೆ ಇನ್ನು ಮುಂದೆ ಕವಿತೆಯ ಜೊತೆಗೆ ಲೆಕ್ಕದ ಪುಸ್ತಕವನ್ನೂ ಬಿಡಿಸಿ ಓದಬೇಕು. ಅದರಲ್ಲಿ ದಾನವೆಂದು ಬರೆದಿರುವುದು ಎಲ್ಲೆಲ್ಲಿ ಬಾಕಿಯೆಂದು ತೋರಿಸಬೇಕು.